ಆನೆ: ಹೋಲಿಕೆ ಎಮ್ಮೆ

ನಾಲ್ಕು ಸಾಲಿನ ವಿಷಯವನ್ನು ಒಂದು ಸಾಲಿಗೆ ಇಳಿಸುವುದರಲ್ಲಿ ಹುಣಸೂರಿನಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಗುಮಾಸ್ತ ಕಂಠಪ್ಪ ನಂಬಿದ್ದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು 'ಸದರಿ' ಎಂಬ ಪದವನ್ನು ಬಳಸಿದಷ್ಟು ಸಾರಿ ಉಪ್ಪನ್ನೂ ಬಳಸಿರಲಿಕ್ಕಿಲ್ಲ. ಅತ್ತೆ ತೀರಿಕೊಂಡಾಗ ನೆಂಟರಿಗೆಲ್ಲ ಅವನು ಬರೆದ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: 'ಸದರಿಯವರು ಸೋಮವಾರ. ಉಳಿದದ್ದು ರೂಢಿಯಂತೆ.' ಮಿರ್ಲೆಯಿಂದ ಮೂವರು ನೆಂಟರು ಅಳುತ್ತಾ ಬಂದು, ಯಾರಿಗಾಗಿ ಅಳಬೇಕೆಂದು ತಿಳಿಯದೆ, ಬಾಗಿಲಲ್ಲಿ ನಿಂತಿದ್ದ ಕಂಠಪ್ಪನನ್ನು ನೋಡಿ ಇನ್ನೂ ಜೋರಾಗಿ ಅತ್ತರು. ಹೆಂಡತಿ ಸಣ್ಣತಾಯಮ್ಮ ಹದಿನೈದು ದಿನ ಮಾತು ಬಿಟ್ಟಳು. ಕಂಠಪ್ಪ ಇದರಿಂದ ಕಲಿತ ಪಾಠವೆಂದರೆ, ಓದುವವರಿಗೆ ಬುದ್ಧಿ ಸಾಲದು ಎಂಬುದು.

ಎಪ್ಪತ್ತೆರಡನೇ ಇಸವಿಯಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ಜಾನುವಾರು ಎಣಿಸಲು ಒಂದು ತಾತ್ಕಾಲಿಕ ಕಚೇರಿ ತೆರೆಯಿತು. ಜಾಗ ಸಿಕ್ಕಿದ್ದು ಹಳೆಯ ಹೊಗೆಸೊಪ್ಪಿನ ಉಗ್ರಾಣದಲ್ಲಿ. ಕಡತ ಬಿಚ್ಚಿದರೆ ಸೀನು ಬರುತ್ತಿತ್ತು. ಕಚೇರಿಯ ಅಧಿಕಾರಿ ಮಹದೇವಪ್ಪ ಗಂಭೀರ ಮನುಷ್ಯ. ಸೀನನ್ನೂ ಕರವಸ್ತ್ರ ತೆಗೆದು ಮಡಿಕೆ ಬಿಚ್ಚಿದ ಮೇಲೆಯೇ ಸೀನುವವರು. ಈ ಸಲದ ಎಣಿಕೆಯ ವಿಶೇಷವೆಂದರೆ, ಲೆಕ್ಕ ಕೂಡುವುದು ಮನುಷ್ಯರಲ್ಲ, ಬೆಂಗಳೂರಿನಲ್ಲಿರುವ ಒಂದು ಯಂತ್ರ. ಆ ಯಂತ್ರದ ಕಡೆಯಿಂದ ಒಬ್ಬರು ಬರುತ್ತಾರೆಂದು ಕಾಗದ ಬಂತು. ಕೋಟು ತೊಟ್ಟ ಗಂಡಸನ್ನು ಎದುರು ನೋಡುತ್ತಿದ್ದ ಮಹದೇವಪ್ಪನವರ ಮುಂದೆ, ತಗಡಿನ ಪೆಟ್ಟಿಗೆ ಹಿಡಿದುಕೊಂಡು ಬಸ್ಸಿನಿಂದ ಇಳಿದವಳು ಮೂವತ್ತು ವರ್ಷದ ಮಲ್ಲಾಜಮ್ಮ. ಪಿರಿಯಾಪಟ್ಟಣದ ಕಡೆಯ ಮೇಷ್ಟರ ಮಗಳು. ಮೈಸೂರಿನಲ್ಲಿ ಗಣಿತ ಓದಿ ಈಗ ಯಂತ್ರಕ್ಕೆ ಭಾಷೆ ಕಟ್ಟುವ ಕೆಲಸದಲ್ಲಿದ್ದಳು.

ಅವಳು ಹೇಳಿದ್ದು ಹೀಗೆ. ಯಂತ್ರಕ್ಕೆ ಹಸು ಎಂದರೇನು, ಕುರಿ ಎಂದರೇನು ಗೊತ್ತಿಲ್ಲ. ಮೊದಲು ಒಂದೊಂದು ವರ್ಗಕ್ಕೂ ಒಂದೊಂದು ವಿವರಣೆ ಬರೆದುಕೊಡಬೇಕು: ಹಸು ಎಂಬ ವರ್ಗ, ಅದಕ್ಕೆ ಕಾಲೆಷ್ಟು, ತೂಕವೆಷ್ಟು, ಹಾಲುಂಟೋ ಇಲ್ಲವೋ. ಆಮೇಲೆ ಯಾವ ಊರಲ್ಲಿ ಎಷ್ಟು ಹಸು ಎಂದರೆ ಸಾಕು, ಉಳಿದದ್ದನ್ನು ಯಂತ್ರವೇ ಕೂಡಿಕೊಳ್ಳುತ್ತದೆ. ಇವರು ಕನ್ನಡದಲ್ಲಿ ಬರೆದುಕೊಟ್ಟರೆ ಅವಳು ಅದನ್ನು ಯಂತ್ರದ ಮಾತಿಗೆ ಇಳಿಸಿ, ರಟ್ಟಿನ ಚೀಟಿಗಳ ಮೇಲೆ ತೂತು ಹೊಡೆಸುತ್ತಾಳೆ.

ಆದರೆ ವಿವರಣೆ ಬರೆಯುವ ರೀತಿ ಇನ್ನೂ ಗಟ್ಟಿಯಾಗಿರಲಿಲ್ಲ. ಎರಡು ದಾರಿ ಇದ್ದವು. ಒಂದು, ತುಂಬು ಬರಹ: ಪ್ರತಿ ಪ್ರಾಣಿಗೂ ಕಾಲು, ತೂಕ, ಹಾಲು ಮೊದಲಾದ ಹತ್ತೊಂಬತ್ತು ಸಾಲನ್ನೂ ಬರೆಯುವುದು. ಬರೆದವನ ಕೈ ಬಿದ್ದುಹೋಗುತ್ತದೆ, ಚೀಟಿ ರಾಶಿ ಬೀಳುತ್ತದೆ. ಆದರೆ ಕುರಿಯ ವಿಷಯ ತಿಳಿಯಲು ಕುರಿಯ ಚೀಟಿ ಓದಿದರೆ ಸಾಕು. ಇನ್ನೊಂದು, ಹೋಲಿಕೆ ಬರಹ: ಹಸುವನ್ನು ಪೂರ್ತಿ ಬರೆದು, ಎಮ್ಮೆಗೆ 'ಹೋಲಿಕೆ ಹಸು' ಎಂದು ಹೇಳಿ, ಬೇರೆ ಇರುವುದನ್ನಷ್ಟೇ ಬರೆಯುವುದು. ಚೀಟಿ ಕಡಿಮೆ, ಹಸುವಿನಲ್ಲಿ ಒಂದು ತಿದ್ದಿದರೆ ಎಲ್ಲದರಲ್ಲೂ ತಿದ್ದಿದಂತೆ. ಆದರೆ ಓದುವವನು ಒಂದನ್ನು ತಿಳಿಯಲು ಇನ್ನೊಂದರ ಹಿಂದೆ ಹೋಗಬೇಕು.

ಕಂಠಪ್ಪನ ಮುಖ ಅರಳಿತು. ಯಂತ್ರವೂ ಕೊನೆಗೆ 'ಸದರಿ'ಯ ಹತ್ತಿರಕ್ಕೇ ಬಂದಿತ್ತು. ಹೋಲಿಕೆ ಬರಹವೇ ಆಗಬೇಕೆಂದು ಅವನು ಎದ್ದು ನಿಂತು ವಾದಿಸಿದ. ಮಲ್ಲಾಜಮ್ಮ ವಿವರಣೆ ಮುಗಿದ ಗುರುತಿಗೆ ಒಂದು ಚುಕ್ಕಿ ಇಡೋಣ ಎಂದಾಗ, ಚುಕ್ಕಿಗೂ ನೊಣದ ಗುರುತಿಗೂ ಈ ಉಗ್ರಾಣದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, 'ಇತಿ' ಎಂದೇ ಬರೆಯೋಣ ಎಂದ. ಅವಳು ತಲೆದೂಗಿ ಅದನ್ನು ಒಪ್ಪಿಕೊಂಡಳು. ಅಂದಿನಿಂದ ಆ ಬರಹ ತನ್ನದೇ ಎಂಬಂತೆ ಕಂಠಪ್ಪ ನಡೆಯತೊಡಗಿದ. ಹೊರಡುವ ಮುನ್ನ ಮಲ್ಲಾಜಮ್ಮ ಒಂದು ಮಾತು ಹೇಳಿದಳು.

"ಕಂಠಪ್ಪನೋರೆ, ಒಂದು ನೆನಪಿರಲಿ. ಈ ರೀತಿಯಲ್ಲಿ ನೀವು 'ಇಲ್ಲ' ಅಂತ ಬರೀದೆ ಬಿಟ್ಟದ್ದೆಲ್ಲ 'ಹೌದು' ಅಂತಾಗುತ್ತೆ."

"ಸರ್ಕಾರದಲ್ಲೂ ಹಾಗೇ ಅಲ್ವೇನಮ್ಮ," ಎಂದ ಕಂಠಪ್ಪ, ಸಮಾಧಾನದಿಂದ.

ಹಸುವನ್ನು ಪೂರ್ತಿ ಬರೆದ. ನಾಟಿ ಹಸು ಬೇರೆ, ದೊಡ್ಡ ಹಸು ಬೇರೆ ಎಂಬ ತಕರಾರು ಬಂದದ್ದರಿಂದ, ತೂಕದ ನೂರು ಕೆ.ಜಿ.ಗೆ ಒಂದು ಲೀಟರ್ ಹಾಲು ಎಂದು ಮಹದೇವಪ್ಪನವರು ಗೊತ್ತು ಮಾಡಿದರು. ಹೋರಿ, ಎತ್ತು, ಕರುಗಳಿಗೆ ಕಂಠಪ್ಪ ನೆನಪಿಟ್ಟು 'ಹಾಲು ಇಲ್ಲ' ಎಂದು ಬರೆದ. ಎಮ್ಮೆಗೆ ಹಸುವಿನ ಹೋಲಿಕೆ, ಕತ್ತೆಗೆ ಕುದುರೆಯ ಹೋಲಿಕೆ. ಕೊನೆಗೆ ಆನೆ ಉಳಿಯಿತು. ಕಾಡಿನಂಚಿನ ಗಿರಿಜನರ ಹಾಡಿಗಳಲ್ಲಿ ಸಾಕಿದ ಆನೆಗಳಿದ್ದವು, ಎಣಿಸುವವರು ಅವನ್ನೂ ಎಣಿಸಿಕೊಂಡು ಬಂದಿದ್ದರು. ಕಂಠಪ್ಪ ಗಲ್ಲಕ್ಕೆ ಪೆನ್ನು ಒತ್ತಿ ಯೋಚಿಸಿದ. ಬಣ್ಣ ಕಪ್ಪು. ಚರ್ಮ ದಪ್ಪ, ಕೂದಲು ವಿರಳ. ನೀರಿಗೆ ಇಳಿದರೆ ಏಳುವುದಿಲ್ಲ. ದಾರಿಯಲ್ಲಿ ಅಡ್ಡ ನಿಂತರೆ ಹಾರನ್ನಿಗೆ ಜಗ್ಗುವುದಿಲ್ಲ. ಗಾತ್ರವೊಂದನ್ನು ಬಿಟ್ಟರೆ ಎಮ್ಮೆಗೂ ಆನೆಗೂ ಯಾವ ಜಗಳವೂ ಅವನಿಗೆ ಕಾಣಲಿಲ್ಲ. ಬರೆದ:

'ವರ್ಗ ಆನೆ. ಹೋಲಿಕೆ ಎಮ್ಮೆ. ವ್ಯತ್ಯಾಸ: ಕೊಂಬು ಇಲ್ಲ. ಸೊಂಡಿಲು ಒಂದು. ತೂಕ ಮೂರು ಸಾವಿರ ಕೆ.ಜಿ. ಇತಿ.'

ಮನೆಗೆ ಹೋಗಿ ಅದನ್ನು ಹೆಂಡತಿಗೆ ಓದಿ ಹೇಳಿದ. ಅವರೆಕಾಯಿ ಸುಲಿಯುತ್ತಿದ್ದ ಸಣ್ಣತಾಯಮ್ಮ ಸ್ವಲ್ಪ ಹೊತ್ತು ಕಾದು, ಆನೆ ಇಷ್ಟೇನಾ ಎಂದು ಕೇಳಿದಳು. ಹೆಂಗಸರಿಗೆ ಉದ್ದನೆಯ ಮಾತೇ ಇಷ್ಟ ಎಂದುಕೊಂಡು ಕಂಠಪ್ಪ ಊಟಕ್ಕೆ ಕೂತ.

ನಾಲ್ಕು ತಿಂಗಳ ಮೇಲೆ ಬೆಂಗಳೂರಿನಿಂದ ಫಲಿತಾಂಶ ಬಂತು. ಅಗಲವಾದ ಕಾಗದ, ಎರಡು ಅಂಚಿಗೂ ತೂತು, ಬಿಚ್ಚಿದಷ್ಟೂ ಬಿಚ್ಚಿಕೊಳ್ಳುತ್ತಿತ್ತು. ಮಹದೇವಪ್ಪನವರು ಅದನ್ನು ಉಗ್ರಾಣದ ಈ ಗೋಡೆಯಿಂದ ಆ ಗೋಡೆಯವರೆಗೆ ಹಾಸಿಸಿ, ಚಪ್ಪಲಿ ಬಿಟ್ಟು ಓದಿದರು. ಮನೆಯೊಂದಕ್ಕೆ ಹಾಲಿನ ಲೆಕ್ಕದಲ್ಲಿ ನಾಲ್ಕು ತಾಲ್ಲೂಕಿಗೇ ಮೊದಲು ಬಂದ ಊರು ಕೋಟೆ ತಾಲ್ಲೂಕಿನ ಆನೆಮಾಳದ ಹಾಡಿ. ಮನೆ ಇಪ್ಪತ್ತಾರು, ಹಾಲು ದಿನಕ್ಕೆ ನೂರೈವತ್ತು ಲೀಟರ್. ಸೇವೆಯಲ್ಲಿ ಎಂದೂ ಯಾವುದರಲ್ಲೂ ಮೊದಲು ಬಾರದಿದ್ದ ಮಹದೇವಪ್ಪನವರಿಗೆ ಕಣ್ಣು ತುಂಬಿ ಬಂತು. ಬಂದವರಿಗೆಲ್ಲ ಕಾಡಿನಂಚಿನ ಹುಲ್ಲಿನ ಗುಣ ವಿವರಿಸತೊಡಗಿದರು. ಮೇಲಕ್ಕೆ ವರದಿ ಹೋಯಿತು. ಇಷ್ಟು ಹಾಲಿರುವ ಊರಿನ ಶಾಲೆಗೆ ಸರ್ಕಾರದ ಹಾಲಿನಪುಡಿ ಯಾಕೆ ಎಂಬ ಪ್ರಶ್ನೆ ಮೇಲಿನಿಂದ ಬಂತು. ಉತ್ತರ ಬರೆದವನು ಕಂಠಪ್ಪನೇ: 'ಆನೆಮಾಳ: ಹಾಲು ಯಥೇಚ್ಛ. ಪುಡಿ ನಿಲ್ಲಿಸಬಹುದು.' ಅದೂ ಐದೇ ಪದ. ಅವನಿಗೆ ಅದು ತನ್ನ ಒಳ್ಳೆಯ ಕಾಗದಗಳಲ್ಲಿ ಒಂದು ಎನಿಸಿತು.

ಒಂದು ತಿಂಗಳ ಮೇಲೆ ಕಟ್ಟೆಮಳಲವಾಡಿಯಿಂದ ಅವನ ಬಾಮೈದ ಅಂಕಯ್ಯ ಬಂದಿದ್ದ. ಹಳ್ಳಿಗಳಲ್ಲಿ ಹಾಲು ಕೊಂಡು ಹುಣಸೂರಿನ ಹೋಟೆಲುಗಳಿಗೆ ಹಾಕುವುದು ಅಂಕಯ್ಯನ ಕಸುಬು. ನೂರೈವತ್ತು ಲೀಟರಿನ ಸಂಗತಿ ಊಟದ ಹೊತ್ತಿನಲ್ಲಿ ಭಾವನ ಬಾಯಿಂದ ಕೇಳಿದ ಅವನು, ಮಾರನೆ ಬೆಳಿಗ್ಗೆಯೇ ನಾಲ್ಕು ಕ್ಯಾನು ಹಿಡಿದು ಕೋಟೆ ಬಸ್ಸು ಹತ್ತಿದ. ಮೂರನೆಯ ದಿನ ಮಧ್ಯಾಹ್ನ ವಾಪಸು ಬಂದು, ಖಾಲಿ ಕ್ಯಾನುಗಳನ್ನು ಕಂಠಪ್ಪನ ಮುಂದೆ ಸಾಲಾಗಿ ಇಟ್ಟ.

ಹಾಡಿಯವರು ಅವನನ್ನು ಚಾಪೆ ಹಾಸಿ ಕೂರಿಸಿದ್ದರಂತೆ. ಕ್ಯಾನು ನೋಡಿ ಜನ ಸೇರಿದರಂತೆ. ಅಂಕಯ್ಯ ಅವರು ಹಾಲು ತರಲೆಂದು ಕಾದ. ಅವರು ಇವನು ಕ್ಯಾನಿನ ಮುಚ್ಚಳ ತೆಗೆಯಲೆಂದು ಕಾದರು. ಎರಡೂ ಕಡೆಯವರು ಮರ್ಯಾದೆಗೆ ಏನೂ ಕೇಳದೆ ಮೂರು ಗಂಟೆ ಕೂತಿದ್ದರು. ಕೊನೆಗೆ ಹಾಲಿನ ಮಾತೆತ್ತಿದಾಗ ತಿಳಿದದ್ದು, ಇವನು ಪುಡಿ ಹಾಲು ತಂದಿದ್ದಾನೆಂದು ಅವರು ತಿಳಿದಿದ್ದರು ಎಂದು.

"ಊರಿಗೆಲ್ಲಾ ಇರಾದು ನಾಕು ಕೋಳಿ, ಐದು ಆನೆ ಕಣ್ ಭಾವ," ಎಂದ ಅಂಕಯ್ಯ. "ಇಸ್ಕೂಲಲ್ಲಿ ಹಾಲು ಕಾಸೋ ಚೆನ್ನಿ ಅನ್ನೋಳು ಹಂಡೆ ಬೋರಲಾಕವ್ಳೆ. ಪುಡಿ ನಿಂತ್ಮೇಲೆ ಅರ್ಧ ಐಕ್ಳು ಇಸ್ಕೂಲಿಗೇ ಬರಾಕಿಲ್ವಂತೆ. ಯಾವನೋ ಪುಣ್ಯಾತ್ಮ ನಿಮ್ಮೂರಲ್ಲಿ ಹಾಲಿನ ಹೊಳೆ ಹರೀತದೆ ಅಂತ ಬರ್ದವ್ನಂತೆ."

ಕಂಠಪ್ಪ ಒಳಗೆ ಹೋಗಿ ಹಲಗೆಯ ಮೇಲೆ ಬಳಪದಲ್ಲಿ ಬರೆದು ನೋಡಿದ. ಆನೆ ಎಮ್ಮೆಯಂತೆ, ಎಮ್ಮೆ ಹಸುವಿನಂತೆ. ಹಸು ನೂರು ಕೆ.ಜಿ.ಗೆ ಒಂದು ಲೀಟರ್. ಆನೆ ಮೂರು ಸಾವಿರ ಕೆ.ಜಿ. ಮೂವತ್ತು ಲೀಟರ್. ಐದು ಮೂವತ್ತಲೆ ನೂರೈವತ್ತು. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಅಂದು ಅವನು ಊಟಕ್ಕೆ ಏಳಲಿಲ್ಲ. ಸಣ್ಣತಾಯಮ್ಮ ಕಾರಣ ಕೇಳಿದಳು. ಬದುಕಿನಲ್ಲಿ ಮೊದಲ ಸಲ ಅವನು ಒಂದು ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದ. ಅವಳು ನಗಲಿಲ್ಲ. ಎಷ್ಟು ಮಕ್ಕಳು ಎಂದು ಮಾತ್ರ ಕೇಳಿದಳು. ಅವನಿಗೆ ಅದು ಗೊತ್ತಿರಲಿಲ್ಲ.

ಮರುದಿನ ಮಹದೇವಪ್ಪನವರ ಮುಂದೆ ಹೋಗಿ ತಪ್ಪೊಪ್ಪಿಕೊಂಡ. ಅವರು ಫಲಿತಾಂಶದ ಕಾಗದವನ್ನು ಮಡಿಸಿ ಕಪಾಟಿಗೆ ಹಾಕಿದರು. ಮೇಲಕ್ಕೆ ಹೋದ ಅಂಕಿಯನ್ನು ಒಬ್ಬ ಗುಮಾಸ್ತನ ಪಶ್ಚಾತ್ತಾಪದಿಂದ ಕೆಳಗಿಳಿಸಲಾಗುವುದಿಲ್ಲವೆಂದೂ, ಆನೆ ಹಾಲು ಕೊಡುತ್ತದೋ ಇಲ್ಲವೋ ಎಂಬುದು ಸ್ಥಳ ಪರಿಶೀಲನೆಯಿಂದ ತಿಳಿಯಬೇಕಾದ ವಿಷಯವೆಂದೂ ತಿಳಿಸಿದರು. ಜೀಪು ಹೊರಟಿತು.

ಆನೆಮಾಳದಲ್ಲಿ ಆನೆ ನೋಡಿಕೊಳ್ಳುವ ದೊಡ್ಡಬೊಮ್ಮ ಎದುರುಗೊಂಡ. ಅರವತ್ತು ದಾಟಿದ ಮನುಷ್ಯ, ಮೆಲ್ಲಗೆ ಮಾತಾಡುವವನು. ಅವನ ಹೆಂಡತಿಯೇ ಚೆನ್ನಿ. ಐದು ಆನೆಗಳನ್ನೂ ಶಾಲೆಯ ಮುಂದೆ ಸಾಲಾಗಿ ನಿಲ್ಲಿಸಿದರು. ಹಾಡಿಯ ಜನವೆಲ್ಲ ಬಂದು ಕೂತರು. ಮಹದೇವಪ್ಪನವರು ಮೊದಲನೆಯ ಆನೆಯ ಮುಂದೆ ನಿಂತು, ಪೆನ್ನಿನ ಮುಚ್ಚಳ ತೆಗೆದು, ಇದು ಹಾಲು ಕೊಡುತ್ತದೆಯೇ ಎಂದು ಕೇಳಿದರು. ಅದರ ಹೆಸರು ಪುಟ್ಟಲಕ್ಷ್ಮಿ. ಅದರ ಹೊಟ್ಟೆಯ ಕೆಳಗೆ ಒಂದು ಮರಿ ನಿಂತಿತ್ತು.

ದೊಡ್ಡಬೊಮ್ಮ ಸುಳ್ಳು ಹೇಳುವವನಲ್ಲ. "ಕೊಡ್ತದೆ ಬುದ್ದಿ," ಎಂದ. "ಮರೀಗೆ."

ಮಹದೇವಪ್ಪನವರು 'ಕೊಡುತ್ತದೆ' ಎಂದು ಬರೆದುಕೊಂಡರು. ಮರಿಗೆ ಎಂಬುದಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ. ಮುಂದಿನದು ರಂಗಯ್ಯನೆಂಬ ಸಲಗ. ಅದೇ ಪ್ರಶ್ನೆ. ದೊಡ್ಡಬೊಮ್ಮ ಆನೆಯ ದಂತ ನೋಡಿದ, ಅಧಿಕಾರಿಯ ಮುಖ ನೋಡಿದ. ಇದು ಗಂಡು ಎಂದ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಬೇಕೆಂದು ಮಹದೇವಪ್ಪನವರು ಸೂಚಿಸಿದರು. ದೊಡ್ಡಬೊಮ್ಮ ತಲೆ ತಗ್ಗಿಸಿ ಇಲ್ಲ ಎಂದ, ರಂಗಯ್ಯನ ಪರವಾಗಿ ನಾಚಿಕೊಂಡವನಂತೆ. ಉಳಿದ ಎರಡು ಹೆಣ್ಣಾನೆಗೂ ಇಲ್ಲ ಎಂದಾಯಿತು. ಕೊನೆಗೆ ಆ ಮರಿಯ ಸರದಿ. ಯಂತ್ರದ ಲೆಕ್ಕದಲ್ಲಿ ಅದರ ಹೆಸರಿಗೂ ಮೂವತ್ತು ಲೀಟರ್ ಇತ್ತು.

ಆಗ ಚೆನ್ನಿ ಎದ್ದಳು. ಶಾಲೆಯೊಳಗೆ ಹೋಗಿ, ಬೋರಲು ಹಾಕಿದ್ದ ಹಂಡೆಯನ್ನು ಸೊಂಟದ ಮೇಲೆ ಹೊತ್ತು ತಂದು, ಪುಟ್ಟಲಕ್ಷ್ಮಿಯ ಪಕ್ಕದಲ್ಲಿ ಇಟ್ಟಳು.

"ಬುದ್ದಿ, ಹಾಲದೆ ಅಂತ ಬರ್ದೋರು ಯಾರೋ, ಅವರೇ ಕರ್ದು ಕೊಡ್ಲಿ. ನಲವತ್ತೊಂದು ಐಕ್ಳವೆ. ನಾವು ಕಾಸ್ತೀವಿ."

ಮಹದೇವಪ್ಪನವರು ಕರವಸ್ತ್ರ ತೆಗೆದು ಮಡಿಕೆ ಬಿಚ್ಚಿದರು, ಆದರೆ ಸೀನು ಬರಲಿಲ್ಲ. ಕಂಠಪ್ಪ ಜೀಪಿನ ಹಿಂದೆ ನಿಂತಿದ್ದ. ಅಲ್ಲೇ ನಿಂತಿದ್ದರೆ ಯಾರೂ ಅವನನ್ನು ಹುಡುಕುತ್ತಿರಲಿಲ್ಲ. ಬರೆದವನ ಹೆಸರು ಆ ಹಾಡಿಗೆ ತಿಳಿದಿರಲಿಲ್ಲ. ಅವನು ಮುಂದೆ ಬಂದ.

"ಬರೆದೋನು ನಾನೇ ಕಣಮ್ಮ," ಎಂದ.

ಅಂಗಿಯ ತೋಳು ಮೇಲೇರಿಸಿ, ಹಂಡೆ ಎತ್ತಿಕೊಂಡು, ಆನೆಯ ಹತ್ತಿರ ಹೋದ. ಎಮ್ಮೆ ಕರೆಯುವುದು ಅವನಿಗೆ ಚಿಕ್ಕಂದಿನಿಂದ ಬರುತ್ತಿತ್ತು. ಹಾಗೆಯೇ ಹಿಂಗಾಲುಗಳ ನಡುವೆ ಹಂಡೆ ಇಟ್ಟು, ಕುಕ್ಕರಗಾಲಲ್ಲಿ ಕೂತು, ಮೇಲೆ ನೋಡಿದ. ಅಲ್ಲಿ ಏನೂ ಇರಲಿಲ್ಲ. ಬರೀ ಹೊಟ್ಟೆ, ಆಕಾಶದಷ್ಟು ಅಗಲಕ್ಕೆ.

"ಅಲ್ಲಲ್ಲ ಬುದ್ದಿ," ಎಂದ ದೊಡ್ಡಬೊಮ್ಮ ಮೆಲ್ಲಗೆ. "ಆನೆಗೆ ಮುಂದ್ಗಡೆ. ಮುಂಗಾಲ ಮಧ್ಯೆ."

ಜನ ನಗಲಿಲ್ಲ. ಕೆಲವು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು, ಅಷ್ಟೇ. ಕಂಠಪ್ಪ ಹಂಡೆ ಎಳೆದುಕೊಂಡು ಮಂಡಿಯಲ್ಲೇ ಮುಂದಕ್ಕೆ ಸರಿದ. ಆನೆಗೂ ಎಮ್ಮೆಗೂ ತಾನು ಕಾಣದ ವ್ಯತ್ಯಾಸ ಇನ್ನೆಷ್ಟಿವೆಯೋ ಎಂದು ಆ ನಾಲ್ಕು ಮೊಳದ ದಾರಿಯಲ್ಲಿ ಅವನಿಗೆ ಹೊಳೆಯುತ್ತ ಹೋಯಿತು. ಮುಂಗಾಲಿನ ಹತ್ತಿರ ಕೈ ನೀಡಿದೊಡನೆ ಮರಿ ಅವನ ಬೆನ್ನಿಗೆ ಹಣೆ ಕೊಟ್ಟು ಪಕ್ಕಕ್ಕೆ ತಳ್ಳಿತು. ಸಿಟ್ಟಿನಿಂದಲ್ಲ, ಸಾಲಿನಲ್ಲಿ ಅಡ್ಡ ಬಂದವನನ್ನು ಸರಿಸುವ ಹಾಗೆ. ಅವನು ಹಂಡೆಯ ಸಮೇತ ಉರುಳಿದ. ಪುಟ್ಟಲಕ್ಷ್ಮಿ ಸೊಂಡಿಲು ಇಳಿಸಿ ಅವನ ತಲೆಯಿಂದ ಕಾಲಿನವರೆಗೆ ಮೂಸಿ ನೋಡಿ, ಉಸಿರು ಬಿಟ್ಟಿತು. ಅವನು ಎದ್ದು ಮತ್ತೆ ಹಂಡೆ ಸರಿಯಾಗಿಟ್ಟ. ಮರಿ ಮತ್ತೆ ತಳ್ಳಿತು. ಮೂರನೆಯ ಸಲ ಕೂರಹೊರಟಾಗ ಚೆನ್ನಿಯೇ ಬಂದು ಅವನ ಕೈಯಿಂದ ಹಂಡೆ ತೆಗೆದುಕೊಂಡಳು.

"ಸಾಕು ಬುಡಿ," ಎಂದಳು.

ಮಹದೇವಪ್ಪನವರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಪರಿಶೀಲನಾ ಟಿಪ್ಪಣಿ ಬರೆದರು: 'ಸ್ಥಳದಲ್ಲಿ ಮೂರು ಬಾರಿ ಪ್ರಯತ್ನಿಸಲಾಗಿ, ಸರ್ಕಾರಿ ಸಿಬ್ಬಂದಿಗೆ ಹಾಲು ಲಭ್ಯವಾಗಲಿಲ್ಲ.'

ಟಿಪ್ಪಣಿ ಮೇಲಕ್ಕೆ ಹೋಯಿತು. ಹದಿನೈದು ದಿನದ ಮೇಲೆ, ನೂರೈವತ್ತು ಲೀಟರ್ ಹಾಲು ಒಮ್ಮೆಲೇ ಏನಾಯಿತೆಂದು ವಿವರಣೆ ಕೇಳಿ ಪತ್ರ ಬಂತು. ಆನೆಗಳು ಬತ್ತಿವೆ ಎಂದು ಬರೆದುಬಿಡಿ ಎಂದರು ಮಹದೇವಪ್ಪನವರು. ಎರಡೇ ಪದ, ಕಂಠಪ್ಪನ ಶೈಲಿಯೇ, ತಪ್ಪು ಯಾರ ಮೇಲೂ ಬರುವುದಿಲ್ಲ. ಕಂಠಪ್ಪ ಪೆನ್ನು ಹಿಡಿದು ಕೂತ. ಆಮೇಲೆ ಪೆನ್ನು ಕೆಳಗಿಟ್ಟ.

"ಬತ್ತಿದ್ದು ಮತ್ತೆ ಈಯುತ್ತೆ ಅಂತಾರೆ ಸಾರ್. ಆನೆ ಮರಿ ಹಾಕಿದಾಗಲೆಲ್ಲ ಪುಡಿ ನಿಲ್ಲಿಸ್ತಾರೆ."

ಅವನು ಏಳು ಪುಟ ಬರೆದ. ಹೋಲಿಕೆ ಬರಹ ಎಂದರೇನು, ಅದನ್ನು ತಾನು ಯಾಕೆ ಹಟ ಹಿಡಿದು ಆರಿಸಿದೆ, ಮಲ್ಲಾಜಮ್ಮನವರು ಏನೆಂದು ಎಚ್ಚರಿಸಿದರು, ಆನೆಯ ಚೀಟಿಯಲ್ಲಿ ಯಾವ ಒಂದು ಸಾಲು ಬಿಟ್ಟುಹೋಯಿತು, ಅದರಿಂದ ನಲವತ್ತೊಂದು ಮಕ್ಕಳಿಗೆ ಏನಾಯಿತು. 'ಸದರಿ' ಎಂದು ಬರೆಯುವ ಕಡೆಯಲ್ಲೆಲ್ಲ ಹೆಸರು ಬರೆದ. ಮಹದೇವಪ್ಪನವರು ಓದಿ, ಕೆಳಗೆ ಸಹಿ ಹಾಕಿದರು. ತೂಕಕ್ಕೆ ತಕ್ಕ ಹಾಲು ಎಂದು ಗೊತ್ತು ಮಾಡಿದವರು ಯಾರೆಂದು ಅವರೇ ಒಂದು ಸಾಲು ಸೇರಿಸಿದರು. ಅದನ್ನು ಕಂಠಪ್ಪ ನಿರೀಕ್ಷಿಸಿರಲಿಲ್ಲ. ಆ ವರ್ಷ ಇಬ್ಬರಿಗೂ ಬಡ್ತಿ ಬರಲಿಲ್ಲ.

ಮಲ್ಲಾಜಮ್ಮ ಮತ್ತೆ ಬಂದಳು. ಬೈಯುತ್ತಾಳೆಂದು ಕಂಠಪ್ಪ ಸಿದ್ಧವಾಗಿದ್ದ. ಅವಳು ಆನೆಯ ಚೀಟಿಯನ್ನು ಕೈಯಲ್ಲಿ ತಿರುಗಿಸುತ್ತಾ, ತಪ್ಪು ಒಬ್ಬರದಲ್ಲ ಎಂದಳು. "ಬರೀದೆ ಬಿಟ್ಟದ್ದನ್ನ 'ಹೌದು' ಅಂತ ತಗೊಳ್ಳೋ ಹಾಗೆ ಇಟ್ಟೋರು ನಾವು. ಬರೆಯೋರಿಗೆ ಸುಲಭ ಅಂತ. 'ಗೊತ್ತಿಲ್ಲ, ಕೇಳಿ' ಅಂತ ಯಂತ್ರ ನಿಲ್ಲೋ ಹಾಗೆ ಇಡಬಹುದಿತ್ತು. ಕೆಲಸ ನಿಧಾನ ಆಗ್ತಿತ್ತು, ಅಷ್ಟೇ." ಎಲ್ಲವನ್ನೂ ತುಂಬು ಬರಹಕ್ಕೆ ಬದಲಿಸೋಣ ಎಂದ ಕಂಠಪ್ಪ. ಅವಳು ಒಪ್ಪಲಿಲ್ಲ, ಹಾಗಾದರೆ ಚೀಟಿ ಸಾವಿರವಾಗಿ, ಓದಲು ಬೇಸತ್ತು ಯಾರೂ ಓದುವುದಿಲ್ಲ, ತಪ್ಪು ಆಗಲೂ ಉಳಿಯುತ್ತದೆ ಎಂದಳು. ಕೊನೆಗೆ ಹೋಲಿಕೆ ಇರಲಿ, ಆದರೆ ಹಾಲಿನ ಸಾಲನ್ನು ಪ್ರತಿ ವರ್ಗಕ್ಕೂ ಬರೆಯಲೇಬೇಕು, ಬರೆಯದಿದ್ದರೆ ಯಂತ್ರ ಚೀಟಿಯನ್ನು ನುಂಗದೆ ಉಗುಳಬೇಕು ಎಂದು ತೀರ್ಮಾನವಾಯಿತು. ಆನೆಗೆ ಮಾತ್ರ ಯಾರ ಹೋಲಿಕೆಯೂ ಬೇಡ. ಅದನ್ನು ತಾನೇ ನೋಡಿ ಬರೆದು ತರುತ್ತೇನೆಂದು ಕಂಠಪ್ಪ ಹೊರಟ.

ಅವನು ಆನೆಮಾಳಕ್ಕೆ ಹೋದ ಗುರುವಾರವೇ ಹಾಲಿನಪುಡಿಯ ಮೂಟೆಗಳೂ ಹೋದವು, ನಿಂತು ಒಂಬತ್ತು ವಾರವಾದ ಮೇಲೆ. ಚೆನ್ನಿ ಒಲೆ ಹೊತ್ತಿಸಿದಳು. ಕಂಠಪ್ಪ ಶಾಲೆಯ ಜಗಲಿಯಲ್ಲಿ ಕೂತು, ದೊಡ್ಡಬೊಮ್ಮ ಹೇಳಿದ್ದನ್ನೆಲ್ಲ ಬರೆದುಕೊಂಡ. ಕಾಲು ಹೇಗೆ ಇಡುತ್ತದೆ, ಎಷ್ಟು ಹೊತ್ತು ಮಲಗುತ್ತದೆ, ಸತ್ತ ಆನೆಯ ಹತ್ತಿರ ಎಷ್ಟು ದಿನ ನಿಲ್ಲುತ್ತದೆ. ಹಾಳೆ ತುಂಬಿ ಇನ್ನೊಂದು ಹಾಳೆಯಾಯಿತು. ದೊಡ್ಡಬೊಮ್ಮ ಮಾತು ನಿಲ್ಲಿಸಿದಾಗಲೆಲ್ಲ ಅವನು, ಇನ್ನೇನಾದರೂ ಬಿಟ್ಟಿದೆಯೇ ಎಂದು ಕೇಳುತ್ತಿದ್ದ.

ಹಾಲು ಕಾದ ವಾಸನೆಗೆ ಮಕ್ಕಳು ಲೋಟ ಹಿಡಿದು ಸಾಲು ನಿಂತರು. ಕಂಠಪ್ಪ ಎಣಿಸಿದ. ಮೂವತ್ತೆಂಟು. ಮೂವರು ಇನ್ನೂ ತಾಯಂದಿರ ಜೊತೆ ಕಾಡಿನಲ್ಲಿದ್ದಾರೆ, ನಾಳೆ ಬರುತ್ತಾರೆ ಎಂದಳು ಚೆನ್ನಿ. ಅವಳು ಉಳಿದ ಆ ಮೂರು ಲೋಟದಷ್ಟನ್ನು ಬಕೆಟ್ಟಿಗೆ ಬಗ್ಗಿಸಿ ಆರಲು ಇಟ್ಟಿದ್ದಳು. ಅಷ್ಟರಲ್ಲಿ ಆನೆಮರಿ ಸಾಲಿನ ಕೊನೆಗೆ ಬಂದು ನಿಂತಿತ್ತು. ಯಾರೂ ಓಡಿಸಲಿಲ್ಲ. ಅದು ತನ್ನ ಸರದಿಯವರೆಗೂ ಕಾದು, ಸೊಂಡಿಲನ್ನು ಬಕೆಟ್ಟಿಗೆ ಇಳಿಸಿತು. ಹಾಲನ್ನು ಬಾಯಿಗೆ ಹಾಕಿಕೊಳ್ಳುವುದು ಅದಕ್ಕೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ, ಅರ್ಧ ನೆಲಕ್ಕೆ ಚೆಲ್ಲಿತು.

ಕಂಠಪ್ಪನ ಮಡಿಲಿನ ಹಾಳೆಯಲ್ಲಿ ಹಾಲಿನ ಸಾಲೊಂದು ಖಾಲಿ ಉಳಿದಿತ್ತು. 'ಹೌದು' ಎಂದರೂ ತಪ್ಪು, 'ಇಲ್ಲ' ಎಂದರೂ ತಪ್ಪು ಎಂದು ಬೆಳಗಿನಿಂದ ಬಿಟ್ಟಿದ್ದ. ಮರಿಯನ್ನು ನೋಡಿ ಅಲ್ಲಿ ಬರೆದ: 'ಕುಡಿಯುತ್ತದೆ.'

ಹೌದು, ಇಲ್ಲ ಎರಡನ್ನೂ ಬಿಟ್ಟು ಮೂರನೆಯ ಮಾತು ಆ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಮಲ್ಲಾಜಮ್ಮ ಹಾಳೆಯನ್ನು ಎರಡು ಸಲ ಓದಿದಳು, ತಿದ್ದಿ ಎಂದು ವಾಪಸು ಕಳಿಸಲಿಲ್ಲ. ಆ ಒಂದು ಪದಕ್ಕೆ ಯಂತ್ರದಲ್ಲಿ ಜಾಗ ಮಾಡಲು ಅವಳಿಗೆ ಹನ್ನೊಂದು ದಿನ ಹಿಡಿಯಿತು.